ಗಂಗೆಗೆ ಒಯ್ದ ಕುಡಿಕೆ

ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂದು ನಿಂತಿತ್ತು. ಈ ವಾರವೂ ನಳ ಕೈಕೊಟ್ಟಿತ್ತು. ಕೊಡಗಳ ಸಾಲಿನ ಹಿಂದೆ ನಾನೂ ಎರಡು ಕೊಡ ಇಟ್ಟುಕೊಂಡು ನಿಂತಿದ್ದೆ. ಎಂಜಿನ್ನಿನ ಡೀಸೆಲ್ ಹೊಗೆ, ಕೆಳಗೆ ಚೆಲ್ಲಿದ ನೀರಿಗೆ ಎದ್ದ ಹಸಿ ನೆಲದ ವಾಸನೆ, ಎರಡೂ ಕೂಡಿ ಮೂಗಿಗೆ ಬಂದವು. ಅಷ್ಟೇ, ಅಣ್ಣಿಗೇರಿಯಲ್ಲಿ ನಿಂತವಳು ಕಾಶಿಯಲ್ಲಿದ್ದೆ. ಗಂಗೆಯ ಮೇಲೆ ನಾವು ಕೂತು ಹೋದ ಎರಡಂತಸ್ತಿನ ದೋಣಿ ಹೀಗೆಯೇ ನಾರುತ್ತಿತ್ತು. ಗಂಗೆ ಎಂದರೆ ಕರ್ಪೂರ, ಧೂಪ, ಚೆಂಡುಹೂವು ಎಂದು ಹೇಳುವವರು ಹೇಳಲಿ. ನನ್ನ ಮೂಗಿನಲ್ಲಿ ಉಳಿದದ್ದು ಡೀಸೆಲ್. ಇದಕ್ಕೆ ನೀವು ನನ್ನ ಭಕ್ತಿಯನ್ನು ಅನುಮಾನಿಸಿದರೂ ನನ್ನದೇನೂ ತಕರಾರಿಲ್ಲ.

ನಮ್ಮದು ಕರಿ ಎರೆನೆಲದ ಸೀಮೆ. ನಮಗೆ ನೀರು ಎಂದರೆ ಬ್ಯಾರಲ್ಲಿನಲ್ಲಿ ತುಂಬಿಡುವ ವಸ್ತು. ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂತು ಚಹಾ ಕುಡಿಯುತ್ತ ಹೋಗಬಹುದು ಎಂಬುದು ಐವತ್ತು ದಾಟಿದ ಮೇಲೂ ನನ್ನ ತಲೆಗೆ ಹೊಳೆದಿರಲಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಓಣಿಯ ಕೆಲವರು ಕೂಡಿ ಕಾಶಿಗೆ ಹೊರಟರು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ತಮ್ಮ ಹೆಸರು ಬಿಟ್ಟು ನನ್ನದೂ ನೀಲಕ್ಕನದೂ ಬರೆಸಿ ಬಂದರು. ನೀಲಕ್ಕ ನಮ್ಮ ಮನೆಯವರ ಅಣ್ಣನ ಹೆಂಡತಿ, ನವಲಗುಂದದ ಮಗಳು. ಮಾತು ಕಡಿಮೆ. ಆಡಿದರೆ ತೂಕ ಮಾಡಿ ಕೊಟ್ಟಂತೆ ಆಡುವವಳು. ನಾವು ಹೊರಟದ್ದು ತಿರುಗಾಟಕ್ಕಲ್ಲ. ನೀಲಕ್ಕನ ಕೈಯಲ್ಲಿ ಒಂದು ಮಣ್ಣಿನ ಕುಡಿಕೆ ಇತ್ತು. ಅದರಲ್ಲಿದ್ದದ್ದನ್ನು ಗಂಗೆಗೆ ಬಿಟ್ಟು ಬರಬೇಕಿತ್ತು.

ಆ ಕುಡಿಕೆಯ ವಿಷಯ ಹೇಳದೆ ದೋಣಿ ಮುಂದೆ ಸಾಗುವುದಿಲ್ಲ. ಭಾವನವರು, ಅಂದರೆ ನೀಲಕ್ಕನ ಗಂಡ, ಕಡಲೆ, ಗೋಧಿ ವ್ಯಾಪಾರ ಮಾಡುತ್ತಿದ್ದರು. ಭಾರೀ ಆಳು, ಭಾರೀ ದನಿ. ಆದರೆ ಬಿಸಿ ಎಂದರೆ ಆಗದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ನೀರು ಹೊಡೆಸಿ ಮಲಗುತ್ತಿದ್ದರು. ಚಹಾವನ್ನು ಬಸಿಗೆ ಹಾಕಿ, ಊದಿ, ಮತ್ತೆ ಕಪ್ಪಿಗೆ ಹಾಕಿ, ಮತ್ತೆ ಬಸಿಗೆ ಹಾಕಿ ಊದಿ, ಅದು ಚಹಾ ಎಂಬುದೇ ಮರೆತುಹೋಗುವ ಹೊತ್ತಿಗೆ ಕುಡಿಯುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರಿಗೆ ಸುಡು ಸುಡು ಚಹಾ ಕೊಟ್ಟು ಬೈಸಿಕೊಂಡಿದ್ದೆ. ಕರೋನಾದ ಎರಡನೆಯ ಸುತ್ತಿನಲ್ಲಿ ಅವರು ಪುಣೆಯ ತಂಗಿಯ ಮನೆಗೆ ಹೋಗಿದ್ದರು. ಅಲ್ಲೇ ಜ್ವರ ಬಂತು, ಅಲ್ಲೇ ತೀರಿಕೊಂಡರು. ಸತ್ತವರ ಮುಖವನ್ನು ಬಂಧುಗಳಿಗೂ ತೋರಿಸದ ಕಾಲ ಅದು. ನಮಗೆ ಫೋನು ಬರುವ ಹೊತ್ತಿಗೆ ಅವರನ್ನು ಸುಟ್ಟಾಗಿತ್ತು.

ನೀವು ನಮ್ಮ ಕಡೆಯವರಾಗಿದ್ದರೆ ಈ ಮಾತು ಹೇಗೆ ನಾಟಿತು ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹಣೆತುಂಬ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತಂತೆ ಕುಣಿಯಲ್ಲಿ ಕೂರಿಸಿ ಮಣ್ಣು ಕೊಡುತ್ತೇವೆ. ಸಾವಿನ ಮನೆಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ‘ಮಣ್ಣಿಗೆ’ ಎನ್ನುತ್ತಾರೆ. ಊರ ಮಂದಿಯೆಲ್ಲ ಒಂದೊಂದು ಹಿಡಿ ಹಾಕಿ ಕೈ ಒರೆಸಿಕೊಂಡು ಬರುತ್ತಾರೆ. ಭಾವನವರ ಸುದ್ದಿ ಕೇಳಿ ಬಂದವರು ಬಾಗಿಲಲ್ಲಿ ನಿಂತು, ಅಭ್ಯಾಸದಂತೆ ‘ಮಣ್ಣು ಯಾವಾಗ’ ಎಂದು ಕೇಳಲು ಬಾಯಿ ತೆರೆದು, ಸುಮ್ಮನಾಗಿಬಿಡುತ್ತಿದ್ದರು.

ಅತ್ತೆಯವರಿಗೆ ಮಗ ಹೋದದ್ದನ್ನು ಹೇಳಿದೆವು, ಸುಟ್ಟದ್ದನ್ನು ಹೇಳಲಿಲ್ಲ. ಅವರಿಗೆ ಆಗಲೇ ಕಣ್ಣು ಮಂಜಾಗಿತ್ತು. ಕಂಬಕ್ಕೆ ಒರಗಿ ಕೂತಿದ್ದವರು ಒಂದೇ ಮಾತು ಕೇಳಿದರು.

“ಕುಂದ್ರಿಸಿದ್ರೇನು?”

“ಹೂಂನವ್ವಾ, ಕುಂದ್ರಿಸಿ ಮಣ್ಣ ಮಾಡಿದ್ರಂತ,” ಎಂದರು ನಮ್ಮ ಮನೆಯವರು. ಹಾಗೆಂದು ಅಡುಗೆಮನೆಗೆ ಬಂದು ಗೋಡೆಗೆ ಮುಖ ಒತ್ತಿ ನಿಂತರು. “ನಮ್ಮಣ್ಣಗ ಒಂದ ಹಿಡಿ ಮಣ್ಣ ಕೊಡಲಿಲ್ಲ ನಾ,” ಎಂದದ್ದು ನನಗೊಬ್ಬಳಿಗೇ ಕೇಳಿಸಿತು. ಅವತ್ತಿನಿಂದ ಅವರು ಅಣ್ಣ ಎಂಬ ಶಬ್ದವನ್ನೇ ಬಿಟ್ಟುಬಿಟ್ಟರು. ಓಣಿಯಲ್ಲಿ ಯಾರದೇ ಮಣ್ಣು ಇದ್ದರೂ ಏನಾದರೊಂದು ನೆಪ ಹೇಳಿ ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದರು.

ಕೆಲವು ದಿನಗಳಾದ ಮೇಲೆ ಪುಣೆಯಿಂದ ನಾದಿನಿಯ ಮಗ ಬಂದು ಕೆಂಪು ಬಟ್ಟೆ ಕಟ್ಟಿದ ಆ ಕುಡಿಕೆಯನ್ನು ಕೊಟ್ಟು ಹೋದ. ಸುಡುವ ಪದ್ಧತಿಯವರು ಅಂಥದನ್ನು ಹೊಸ್ತಿಲು ದಾಟಿಸುವುದಿಲ್ಲವಂತೆ, ಹೊರಗೆ ಗಿಡಕ್ಕೆ ಕಟ್ಟಿ ಇಡುತ್ತಾರಂತೆ. ಇದು ನಮಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ನಮ್ಮ ಮನೆಯಲ್ಲಿ ಅಂದಿನವರೆಗೆ ಹೆಣದ ಬೂದಿಯನ್ನು ಕಂಡವರೇ ಇರಲಿಲ್ಲ. ನಮಗೆ ಗೊತ್ತಿದ್ದ ಬೂದಿ ಒಂದೇ, ಹಣೆಗೆ ಹಚ್ಚುವ ವಿಭೂತಿ. ಅದರ ಜಾಗವೂ ಒಂದೇ, ದೇವರ ಜಗಲಿ. ಹಾಗಾಗಿ ಯಾರೂ ಯಾರನ್ನೂ ಕೇಳಲಿಲ್ಲ. ನೀಲಕ್ಕ ಕುಡಿಕೆಯನ್ನು ಒಯ್ದು ಜಗಲಿಯ ಮೇಲೆ, ವಿಭೂತಿಯ ಬಟ್ಟಲಿನ ಬಾಜು ಇಟ್ಟಳು. ನಾವೆಲ್ಲ ಕೈ ಮುಗಿದೆವು, ಅತ್ತೆಯವರೊಬ್ಬರಿಗೆ ಹೇಳಲಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಮರುವರ್ಷ ಅತ್ತೆ ಹೋದರು. ಅವರನ್ನು ಹೊಲದಲ್ಲಿ ಮಾವನವರ ಬಾಜು ಕೂರಿಸಿ ಮಣ್ಣು ಮಾಡಿದೆವು. ಆಮೇಲೆ ಒಂದೆರಡು ವರ್ಷ ಕುಡಿಕೆಯ ಮಾತು ಬಂದಾಗಲೆಲ್ಲ ನಮ್ಮ ಮನೆಯವರ ಮುಖ ಕಪ್ಪಿಡುತ್ತಿತ್ತು. ಕಡೆಗೆ ಅವರೇ ಹೇಳಿದರು: “ಮಂದಿ ಮಾಡಿದಂಗ ಗಂಗಿಗೆ ಬಿಟ್ಟ ಬಂದುಬಿಡ್ರಿ. ನನ್ನ ಕೈಲೆ ಅದು ಆಗೂದಿಲ್ಲ.” ನೀಲಕ್ಕ ನವಲಗುಂದದ ಹಳೆಯ ಜಮಖಾನೆಯ ತುಂಡಿನಿಂದ ಒಂದು ಚೀಲ ಹೊಲಿದಳು. ರೈಲಿನಲ್ಲಿ ಆ ಚೀಲವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ನಾನು ಒಮ್ಮೆ ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದರೆ ಮುಖ ನೋಡಿದಳು, ನಾನು ಕೈ ಹಿಂದೆ ತೆಗೆದುಕೊಂಡೆ.

ಕಾಶಿಯಲ್ಲಿ ನಮ್ಮ ಗುಂಪಿನ ಮುಂದಾಳು ಬಸಣ್ಣ ಕಾಕಾ. ಅವರಿಗೆ ಹಿಂದಿ ಬರುತ್ತದೆ ಎಂದು ಅವರೇ ಹೇಳಿದ್ದರು. ಅವರೇ ದೋಣಿಯವರನ್ನು ಮಾತಾಡಿಸಿ, ಸಂಜೆಯ ಫೇರಿಯಲ್ಲಿ ನಮ್ಮನ್ನು ಕೂರಿಸಿ, ಕೆಳ ಅಂತಸ್ತಿನ ಹಿಂಬದಿಯಿಂದ ಬೂದಿ ಬಿಡಲು ಒಪ್ಪಿಸಿ ಬಂದರು. ಹತ್ತುವಾಗ ಒಬ್ಬ ಹುಡುಗ ಎಲ್ಲರಿಗೂ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಡಿಸಿದ. ಸೀರೆಯ ಮೇಲೆ, ಸ್ವೆಟರಿನ ಮೇಲೆ ಅದನ್ನು ಬಿಗಿದ ನಾನು ಬಾಯಿ ಹೊಲಿದ ಕಡಲೆ ಚೀಲದಂತೆ ಕಾಣುತ್ತಿದ್ದೆ. ಮೇಲಿನ ಅಂತಸ್ತಿನಲ್ಲಿ ಕೂತ ಮೇಲೆ ಕುರ್ಚಿಯ ಕೈಗಳನ್ನು ಹಿಡಿದವಳು ಚಹಾ ಕೊಟ್ಟಾಗಲೂ ಒಂದು ಕೈ ಮಾತ್ರ ಬಿಟ್ಟೆ.

ದೋಣಿ ದಂಡೆ ಬಿಟ್ಟಿತು. ಹೊತ್ತು ಮುಳುಗುತ್ತಿತ್ತು. ಒಂದು ಊರನ್ನು ಇಡಿಯಾಗಿ ಹೊರಗಿನಿಂದ ನೋಡುವುದು ನನಗೆ ಅದೇ ಮೊದಲು. ಮೆಟ್ಟಿಲ ಮೇಲೆ ಮೆಟ್ಟಿಲು, ಅದರ ಮೇಲೆ ಕಲ್ಲಿನ ಅರಮನೆ, ಅದರ ಸಂದಿಯಲ್ಲಿ ಗುಡಿ, ಗುಡಿಯ ನೆತ್ತಿಯ ಮೇಲೆ ಯಾರದೋ ಮನೆ, ಆ ಮನೆಯ ಮಾಳಿಗೆಯ ಮೇಲೆ ಒಣಗಲು ಹಾಕಿದ ಸೀರೆ. ಒಬ್ಬ ತರುಣ ಮೈಕು ಹಿಡಿದು ಇದು ಇಂಥ ರಾಜರದು, ಇದು ಇಂಥ ರಾಣಿಯದು ಎಂದು ಹೇಳುತ್ತಿದ್ದ. ದೇಶದ ಮೂಲೆಮೂಲೆಯ ರಾಜರು ಇಲ್ಲಿ ಬಂದು ಮನೆ ಕಟ್ಟಿಸಿದ್ದರಂತೆ, ಮುಪ್ಪಿನಲ್ಲಿ ಬಂದು ಇಲ್ಲೇ ಸಾಯಬೇಕೆಂದು. ನನಗೆ ಭಾವನವರ ಪುಣೆ ನೆನಪಾಯಿತು. ಅವರು ಸಾಯಲು ಎಂದು ಹೋಗಿರಲಿಲ್ಲ, ತಂಗಿಯ ಮಗಳ ಸೀಮಂತಕ್ಕೆಂದು ಹೋಗಿದ್ದರು.

ನೀರಿನ ಮೇಲೆ ಬಿಳಿ ಹಕ್ಕಿಗಳ ಹಿಂಡು ನಮ್ಮನ್ನು ಹಿಂಬಾಲಿಸಿತು. ಅವಕ್ಕೆ ಹಾಕಲೆಂದು ಪಕ್ಕದ ಸಣ್ಣ ದೋಣಿಯವನು ಚೂಡಾದ ಪೊಟ್ಟಣ ಮಾರುತ್ತಿದ್ದ. ಬಸಣ್ಣ ಕಾಕಾ ಒಂದು ಕೊಂಡು, ಒಂದು ಚಿಟಿಕೆ ಹಕ್ಕಿಗೆ ಎಸೆದು, ಉಳಿದದ್ದರ ರುಚಿ ನೋಡಿದರು.

“ಇಷ್ಟ ಛಲೋ ಚೂಡಾ ಹಕ್ಕಿಗೆ ಹಾಕ್ತಾರಂದ್ರ ಈ ಮಂದಿಗೆ ತಿನ್ನಾಕ ಬರೂದಿಲ್ಲ ಬಿಡ್ರಿ,” ಎಂದು ಪೊಟ್ಟಣವನ್ನು ನನ್ನತ್ತ ಚಾಚಿದರು. ಆಮೇಲೆ ನದಿಯ ಕಡೆ ತಿರುಗಿ, “ನೀರು ಭಾಳ ಐತಿ ಖರೆ. ಆದ್ರ ನಮ್ಮ ಬೆಣ್ಣಿಹಳ್ಳದ ಸಿಟ್ಟು ಇದಕ್ಕಿಲ್ಲ,” ಎಂದರು. ಮಳೆಗಾಲದಲ್ಲಿ ಎರಡು ದಿನ ರಸ್ತೆ ಕಟ್ಟಿ, ಬೇಸಿಗೆಯಲ್ಲಿ ಎಮ್ಮೆಗೂ ಸಾಲದ ನಮ್ಮ ಹಳ್ಳವನ್ನು ಅಷ್ಟು ದೂರ ಒಯ್ದು ಮೆರೆಸಿದ್ದಕ್ಕೆ ನನಗೂ ಒಳಗೊಳಗೆ ಖುಷಿಯಾಯಿತು. ನೀಲಕ್ಕ ನಗಲಿಲ್ಲ. ಚೀಲ ಹಿಡಿದುಕೊಂಡು ಮುಂದೆ ಎಲ್ಲೋ ನೋಡುತ್ತಿದ್ದಳು.

ತಿರುವು ದಾಟಿದ ಮೇಲೆ ಮೈಕಿನ ತರುಣ ದನಿ ತಗ್ಗಿಸಿದ. ಮುಂದೆ ಮಣಿಕರ್ಣಿಕಾ ಘಾಟ್, ದಯವಿಟ್ಟು ಯಾರೂ ಫೋಟೋ ತೆಗೆಯಬಾರದು ಎಂದ. ಎಂಜಿನ್ ನಿಧಾನವಾಯಿತು. ಮೊದಲು ಕಂಡದ್ದು ಕಟ್ಟಿಗೆ. ಮೆಟ್ಟಿಲ ಮೇಲೆ, ದೋಣಿಗಳ ಮೇಲೆ, ಗುಡಿಯ ಗೋಡೆಗೆ ಆನಿಸಿ, ಮನೆಯೆತ್ತರ ಕಟ್ಟಿಗೆ. ಆಮೇಲೆ ಬೆಂಕಿ. ಒಂದಲ್ಲ, ನಾಲ್ಕಾರು ಕಡೆ. ನಾನು ಕಣ್ಣು ಮುಚ್ಚಿದೆ. ನೀಲಕ್ಕ ಇದನ್ನು ನೋಡಬಾರದು, ಇವಳನ್ನು ಇಲ್ಲಿಗೆ ಕರೆತಂದು ತಪ್ಪು ಮಾಡಿದೆವು ಎನಿಸಿತು. ಕಣ್ಣು ತೆರೆದರೆ ಬಾಜುವಿನ ಕುರ್ಚಿ ಖಾಲಿ ಇತ್ತು. ಅವಳು ಕೆಳಗಿಳಿದು, ಹಿಂಬದಿಯ ಕಂಬಿ ಹಿಡಿದು ನಿಂತಿದ್ದಳು. ನಾನು ಅಂಜಿಕೆ ಮರೆತು ಓಡಿದೆ.

“ತಂಗಿ, ಆ ಬಿಳಿ ಅರಿವಿ ಉಟ್ಟಾಂವಾ ಯಾರು?”

“ಮಗ ಇರಬೇಕ್ರಿ ಅಕ್ಕಾರ.”

“ಮತ್ತ ಆ ಬಿದಿರು ಹಿಡದಾಂವಾ?”

“ಸುಡಾಂವಾ ಇರಬೇಕು. ಅದ ಅವರ ಕೆಲಸ ಅಂತ.”

ಆ ಮನುಷ್ಯ ತಲೆಗೆ ವಸ್ತ್ರ ಸುತ್ತಿಕೊಂಡು ಬೆಂಕಿಯ ಸುತ್ತ ಸುತ್ತುತ್ತಿದ್ದ. ಜಾರಿದ ಕೊರಡನ್ನು ಬಿದಿರಿನಿಂದ ಎತ್ತಿ ಮತ್ತೆ ಮೇಲೆ ಇಡುತ್ತಿದ್ದ. ಝಳ ತಾಳದೆ ಒಮ್ಮೆ ಮುಖ ತಿರುಗಿಸಿ, ತೋಳಿನಿಂದ ಬೆವರು ಒರೆಸಿಕೊಂಡು, ಮತ್ತೆ ಹತ್ತಿರ ಹೋದ. ನೀಲಕ್ಕ ರೆಪ್ಪೆ ಬಡಿಯದೆ ನೋಡಿದಳು.

“ನೋಡಲ್ಲಿ, ಎಷ್ಟ ಜ್ವಾಕಿಲೆ ಸರಸಾಕತ್ತಾನ,” ಎಂದಳು. “ಬಿಟ್ಟ ಹೋಗೂದಿಲ್ಲ ಅಂವಾ. ಕಡೀತನಕ ಬಾಜೂಕ ಇರ್ತಾನ.”

ಬೆಂಕಿಗಳು ಹಿಂದೆ ಸರಿದವು. ಇನ್ನು ತಡಮಾಡಬಾರದು ಎನಿಸಿ, “ಅಕ್ಕಾರ, ಈಗ ಬಿಡ್ರಿ,” ಎಂದೆ. ಅವಳು ಚೀಲದಿಂದ ಕುಡಿಕೆ ತೆಗೆದು, ಕೆಂಪು ಬಟ್ಟೆ ಬಿಚ್ಚಿ, ನನ್ನ ಮುಂದೆ ಬಾಗಿಸಿ ಹಿಡಿದಳು. ಒಳಗೆ ಏನೂ ಇರಲಿಲ್ಲ. ತೊಳೆದು ಒರೆಸಿದ ಮಣ್ಣಿನ ಕುಡಿಕೆ.

ಬೂದಿ ದೋಣಿಯಿಂದ ಬಿದ್ದೇ ಹೋಗಿರಬೇಕು ಎಂದು ನಾನು ನೀರಿನ ಕಡೆ ಬಗ್ಗಿ ನೋಡಿದೆ. ನನ್ನ ಬುದ್ಧಿ ಅಷ್ಟೇ ಓಡಿತು. ನೀಲಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

“ಅದು ಇಲ್ಲಿ ತನಕ ಬರಲೇ ಇಲ್ಲ, ತಂಗಿ. ಅತ್ತಿ ಹಚ್ಕೊಂಡ್ರು.”

“ಏನಂದ್ರಿ?”

“ಕುಡಿಕಿ ಬಂದು ಭಾಳ ದಿನಾ ಆಗಿರಲಿಲ್ಲ. ಒಂದಿನ ಮುಂಜಾನೆ ಜಳಕಾ ಮಾಡಿ ಜಗಲಿ ಮುಂದ ಕುಂತಿದ್ರು. ಕಟ್ಟಿದ ಅರಿವಿ ಬಿಚ್ಚಿ, ವಿಭೂತಿ ಅಂತ ತಿಳದು ಇದರಾಗ ಕೈ ಹಾಕಿ ಮೂರ ಬೆರಳಲೆ ಹಣಿಗಿ ಎಳಕೊಂಡ್ರು. ನಾ ಒಳಗ ಬರೂದರಾಗ ಆಗಿ ಹೋಗಿತ್ತು.”

“ನೀವು ಹೇಳಲಿಲ್ಲೇನ್ರಿ?”

“ಏನಂತ ಹೇಳ್ಲಿ? ನಿಮ್ಮ ಮಗನ್ನ ಹಣಿಗಿ ಹಚ್ಕೊಂಡೀರಿ ಅಂತ ಹೇಳ್ಲೇನು? ಕುಡಿಕಿ ಕಸಗೊಳ್ಳಾಕ ಹ್ವಾದೆ. ಬಿಡಲಿಲ್ಲ ಅವರು. ‘ಇದು ಬಿರಸೈತಿ ನೀಲಾ. ಇರ್ಲಿ. ನನಗ ಇದ ಸಾಕು, ಬ್ಯಾರೆ ತರಬ್ಯಾಡ’ ಅಂದ್ರು. ಅವತ್ತಿಂದ ದಿನಾ ಅದನ್ನ ಹಚ್ಕೊಂಡ್ರು.”

“ಅವರಿಗೆ ಗೊತ್ತಾಗಿತ್ತೇನ್ರಿ ಅಕ್ಕಾರ?”

“ನಾ ಕೇಳಲಿಲ್ಲ. ಅವರೂ ಹೇಳಲಿಲ್ಲ. ಗೊತ್ತಾಗಿತ್ತು ಅಂತ ಒಂದಿನ ಅನಸ್ತೈತಿ, ಇಲ್ಲ ಅಂತ ಒಂದಿನ ಅನಸ್ತೈತಿ.”

ದೂರದ ಘಾಟಿನಲ್ಲಿ ಆರತಿಯ ಗಂಟೆ ಶುರುವಾಗಿತ್ತು. ಮೇಲಿನ ಅಂತಸ್ತಿನಲ್ಲಿ ಎಲ್ಲರೂ ಎದ್ದು ಮೊಬೈಲು ಎತ್ತಿ ಹಿಡಿದಿದ್ದರು. ಕೆಳಗೆ ನಾವಿಬ್ಬರೇ.

“ಉಳದಿದ್ದು?” ಎಂದೆ.

“ಅತ್ತಿ ಮಣ್ಣಿನ ದಿನಾ ಅಯ್ಯನವರು ವಿಭೂತಿ ಕೇಳಿದ್ರಲ್ಲ.”

ನನಗೆ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಅತ್ತೆಯನ್ನು ಕೂರಿಸಿ ಆಗಿತ್ತು. ವಿಧಿ ಮಾಡಿಸಲು ಬಂದ ಅಯ್ಯನವರು ಕುಣಿಯೊಳಗಿನಿಂದ ಕೈ ಚಾಚಿ ಇನ್ನಷ್ಟು ವಿಭೂತಿ ಎಂದಾಗ ನೀಲಕ್ಕ ಸೆರಗಿನ ಮರೆಯಿಂದ ಏನನ್ನೋ ತೆಗೆದು ಕೊಟ್ಟಿದ್ದಳು. ‘ಎಲ್ಲಾ ಸುರೀಲೇನವ್ವಾ’ ಎಂದು ಅವರು ಕೇಳಿದ್ದರು. ‘ಎಲ್ಲಾ ಸುರೀರಿ, ಉಡಿಯಾಗ ಸುರೀರಿ’ ಎಂದಿದ್ದಳು ಇವಳು. ಗಂಡ ಹೋದಾಗ ಅಳದವಳು ಅವತ್ತು ಕುಣಿಯ ದಂಡೆಗೆ ಕೂತು ಬಿಕ್ಕಿದ್ದಳು. ಅತ್ತೆಯ ಮೇಲೆ ಇಷ್ಟೊಂದು ಪ್ರೀತಿಯೇ ಎಂದು ನಾನು ಬೆರಗಾಗಿದ್ದೆ, ಸ್ವಲ್ಪ ಮತ್ಸರವನ್ನೂ ಪಟ್ಟಿದ್ದೆ.

“ಮತ್ತ ಇಲ್ಲಿ ತನಕ ಯಾಕ ಬಂದ್ರಿ, ಖಾಲಿ ಕುಡಿಕಿ ತಗೊಂಡು?”

“ಬೆಂಕಿ ನೋಡಾಕ,” ಎಂದಳು. “ಚಹಾದ ಬಿಸಿ ತಾಳದವರು, ಅವರನ್ನ ಯಾರೂ ಇಲ್ಲದಲ್ಲೆ ಕಸಾ ಸುಟ್ಟಂಗ ಸುಟ್ಟರು ಅಂತ ಇಷ್ಟ ವರ್ಷ ಎದಿಯಾಗ ಇಟ್ಕೊಂಡಿದ್ದೆ. ಹೆಂಗ ಸುಡ್ತಾರ ಒಮ್ಮೆ ನೋಡಬೇಕಾಗಿತ್ತು. ಈಗ ನೋಡಿದೆ. ನಮ್ಮವರು ಯಾರೂ ಇರಲಿಲ್ಲ ಅಂದ್ರೂ ಇಂಥಾಂವ ಒಬ್ಬಾಂವ ಇದ್ದಾನು, ಬೆವರು ಒರಸ್ಕೋತ.”

ಅವಳು ಅತ್ತಳು. ನಾನೂ ಅತ್ತುಬಿಟ್ಟೆ. ಆ ಕಿತ್ತಳೆ ಅಂಗಿಗಳಿಂದಾಗಿ ಒಬ್ಬರನ್ನೊಬ್ಬರು ಅಪ್ಪಿಕೊಳ್ಳಲು ಸಹ ಸರಿಯಾಗಿ ಆಗಲಿಲ್ಲ.

ದೋಣಿ ತಿರುಗಿ ಬಂದು ದಂಡೆಗೆ ಹತ್ತಿದಾಗ ಕತ್ತಲಾಗಿತ್ತು. ಬಸಣ್ಣ ಕಾಕಾ ನಮ್ಮ ಮುಖ ನೋಡಿ, ಕೆಲಸ ಮುಗಿಯಿತೆಂದು ತಿಳಿದು, ಟೋಪಿ ತೆಗೆದು ನಿಂತರು. ನೀಲಕ್ಕ ಕಡೆಯ ಮೆಟ್ಟಿಲಿಗೆ ಇಳಿದು, ಬಗ್ಗಿ, ಕುಡಿಕೆಯ ತುಂಬ ನೀರು ತುಂಬಿದಳು. ಕೆಂಪು ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿದಳು. “ಬಿಡಾಕ ಬಂದಾರು ತುಂಬ್ಕೊಂಡ ಹೊಂಟಾರಲ್ಲ,” ಎಂದು ಕಾಕಾ ನನ್ನ ಕಿವಿಯಲ್ಲಿ ಕೇಳಿದರು. ನಾನು ನೀಲಕ್ಕನಿಗೆ ಮೇಲೆ ಹತ್ತಲು ಕೈ ಕೊಟ್ಟೆ.

ಊರಿಗೆ ಬಂದಾಗ ನಮ್ಮ ಮನೆಯವರು ಸ್ಟೇಶನ್ನಿಗೆ ಬಂದಿದ್ದರು. “ಬಿಟ್ಟ ಬಂದ್ರಿ?” ಎಂದರು, ನೆಲ ನೋಡುತ್ತ. “ನಾಳೆ ಹೊಲಕ್ಕ ಹೋಗೂಣು ತಮ್ಮಾ, ಅಲ್ಲೇ ಹೇಳ್ತೀನಿ,” ಎಂದಳು ನೀಲಕ್ಕ.

ಹೊಲದಲ್ಲಿ ಕಡಲೆ ಕಾಯಿ ಕಟ್ಟಿತ್ತು. ಬದುವಿನ ಪಕ್ಕ ಅತ್ತೆಯ ಗದ್ದುಗೆಯ ಸುತ್ತ ಎರೆನೆಲ ಬಿರಿದು ಕೈ ಹೋಗುವಷ್ಟು ಸೀಳು ಬಿಟ್ಟಿತ್ತು. ನೀಲಕ್ಕ ನಿಂತುಕೊಂಡೇ ಎಲ್ಲ ಹೇಳಿದಳು, ದೋಣಿಯಲ್ಲಿ ನನಗೆ ಹೇಳಿದಷ್ಟೇ ಮಾತಿನಲ್ಲಿ. ನಮ್ಮ ಮನೆಯವರು ಸಿಟ್ಟಾಗಬಹುದು ಎಂದು ನನಗೆ ಭಯವಿತ್ತು. ತಾಯಿಯ ಹಣೆಗೆ ಹೆಣದ ಬೂದಿ ಹಚ್ಚಗೊಟ್ಟೆಯಲ್ಲ ಎಂದು ಅವರು ಅಂದಾರು ಎಂದು ಕಾದೆ. ಅವರು ಗದ್ದುಗೆಯ ಹತ್ತಿರ ಹೋಗಿ ನಿಂತರು. ಆಮೇಲೆ ಕೇಳಿದರು.

“ಅವ್ವನ ಉಡಿಯಾಗ ಅಯ್ಯನವರು ಅದನ್ನ ಸುರಿದಿದ್ದು ಯಾವಾಗ ವೈನೀ? ನಾ ಮಣ್ಣ ಎಳಿಯೂಕಿಂತ ಮೊದಲೋ, ಆಮ್ಯಾಲೋ?”

“ಮೊದಲ. ಅದರ ಮ್ಯಾಲೇ ನೀ ಮಣ್ಣ ಎಳದಿ. ಎಲ್ಲಾರಿಗಿಂತ ಮೊದಲ ನಿಂದ ಬಿತ್ತು.”

ಅವರು ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು.

“ಹಂಗಾರ ಅಣ್ಣಗ ನಾ ಮಣ್ಣ ಕೊಟ್ಟೇನಿ,” ಎಂದರು. ಅಲ್ಲೇ ಸಾಲಿನಲ್ಲಿ ಕೂತು, ಅಷ್ಟು ವರ್ಷ ತಡೆದಿಟ್ಟದ್ದನ್ನೆಲ್ಲ ಗಟ್ಟಿ ದನಿಯಲ್ಲಿ ಅತ್ತರು. ನೀಲಕ್ಕ ಕುಡಿಕೆಯ ನೀರನ್ನು ಗದ್ದುಗೆಯ ಮೇಲೆ ಸುರಿದಳು. ಬಿರಿದ ನೆಲ ಅದನ್ನು ಒಂದು ಹನಿಯೂ ಹರಿಯಗೊಡದೆ ಕುಡಿಯಿತು.

ಟ್ಯಾಂಕರ್ ಮುಂದಿನ ಓಣಿಗೆ ಹೋಯಿತು. ನಾನು ಕೊಡಗಳನ್ನು ಒಳಗಿಟ್ಟು ಬರುವಷ್ಟರಲ್ಲಿ ನಮ್ಮ ಮನೆಯವರು ಹೆಗಲಿಗೆ ಟವೆಲ್ಲು ಹಾಕಿಕೊಂಡು ಸ್ಕೂಟರು ಹೊರಗೆ ತೆಗೆಯುತ್ತಿದ್ದರು. ಈಗ ಅವರು ಓಣಿಯ ಯಾರ ಮಣ್ಣನ್ನೂ ತಪ್ಪಿಸುವುದಿಲ್ಲ. ಆದರೆ ಇವತ್ತು ಅಂಥ ಸುದ್ದಿ ಏನೂ ಇರಲಿಲ್ಲ. ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಎಂದು ಕೇಳಿದೆ.

“ಅಣ್ಣನ ಕಡೆ ಹೋಗಿ ಬರ್ತೀನಿ,” ಎಂದರು, ಸ್ಕೂಟರನ್ನು ಹೊಲದ ದಾರಿಗೆ ತಿರುಗಿಸುತ್ತ.